ಕಾರು ಕೇಳದ ಆಕ್ಟೇನ್‌ಗೆ ನಾವೇಕೆ ದುಡ್ಡು ಕೊಡಬೇಕು?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ವಾಹನ ಪುಟದಲ್ಲಿ ಇತ್ತೀಚೆಗೆ ಓದುಗರೊಬ್ಬರ ಪ್ರಶ್ನೆಗೆ ಕೊಟ್ಟ ಉತ್ತರ ನೋಡಿದೆ. ‘ಕಾರು ಯಾವುದೇ ಇರಲಿ, ಪ್ರೀಮಿಯಂ ಪೆಟ್ರೋಲ್ ಹಾಕಿಸುತ್ತಿದ್ದರೆ ಎಂಜಿನ್ ಬಾಳಿಕೆ ಬರುತ್ತದೆ, ಪಿಕಪ್ ಸುಧಾರಿಸುತ್ತದೆ, ಮೈಲೇಜೂ ಏರುತ್ತದೆ’ ಎಂದಿತ್ತು. ಅದರ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಬಂದು ‘ನೋಡಿ, ಪೇಪರಿನಲ್ಲೇ ಬಂದಿದೆ’ ಎಂದು ನನ್ನ ಮುಂದೆ ಹಿಡಿಯುವವರು ಶುರುವಾಗಿದ್ದಾರೆ. ನಾನು ಕಾರ್ ಮೆಕ್ಯಾನಿಕ್. ಕಾರ್ಬ್ಯುರೇಟರ್ ಬಿಚ್ಚಿ ಬಾಯಲ್ಲಿ ಜೆಟ್ ಊದುತ್ತಿದ್ದ ಕಾಲದಿಂದ ಹಿಡಿದು ಸ್ಕ್ಯಾನರ್ ಚುಚ್ಚಿ ಪರದೆ ನೋಡುವ ಈ ಕಾಲದವರೆಗೆ ಇದೇ ಕೆಲಸ. ನೀವು ಕೊಟ್ಟ ಉತ್ತರ ಕೆಲವು ಕಾರುಗಳ ಮಟ್ಟಿಗೆ ಸರಿ. ‘ಯಾವುದೇ ಇರಲಿ’ ಅನ್ನುವ ಮಾತೇ ತಪ್ಪು. ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿ ಹಾಕಲೇಬೇಕಿದ್ದರೆ ಅಂಕಿಗಳನ್ನು ಉಳಿಸಿಕೊಂಡು ನನ್ನ ಹರಟೆಗೆ ಹಾಕಿ.

ಮೊದಲು ನೇರ ಉತ್ತರ. ಪೆಟ್ರೋಲ್ ಟ್ಯಾಂಕಿನ ಹೊರ ಮುಚ್ಚಳ ತೆರೆದರೆ ಒಳಮೈಯಲ್ಲಿ ಸಾಮಾನ್ಯವಾಗಿ ಒಂದು ಸ್ಟಿಕ್ಕರ್ ಇರುತ್ತದೆ. ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಮಲಗಿರುವ ಮಾಲೀಕರ ಕೈಪಿಡಿಯಲ್ಲಿ ‘ಇಂಧನ’ ಎಂಬ ಪುಟ ತೆಗೆಯಿರಿ. ‘ಕನಿಷ್ಠ 91 ಆರ್‌ಒಎನ್’ ಎಂದೋ ‘95 ಅಥವಾ ಹೆಚ್ಚು’ ಎಂದೋ ಬರೆದಿರುತ್ತದೆ. ಆರ್‌ಒಎನ್ ಅಂದರೆ ಪೆಟ್ರೋಲಿನ ಆಕ್ಟೇನ್ ಹೇಳುವ ಸಂಖ್ಯೆ; ಪ್ರೀಮಿಯಂ ಎಂದು ಮಾರುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಅದು ಹೆಚ್ಚಿರುತ್ತದೆ. ಕಾರು ಕೇಳುವುದು 91, ಬಂಕಿನ ಮಾಮೂಲಿ ಪೆಟ್ರೋಲೂ ಕನಿಷ್ಠ ಅಷ್ಟಿದೆ ಅಂದರೆ ಮಾತು ಮುಗಿಯಿತು. ಮೇಲಿನದಕ್ಕೆ ಕೊಡುವ ದುಡ್ಡಿಗೆ ಎಂಜಿನ್ ನಿಮಗೆ ಏನನ್ನೂ ವಾಪಸ್ ಕೊಡುವುದಿಲ್ಲ. ಕಾರು ಕೇಳುವುದೇ 95 ಅಥವಾ 98 ಆಗಿದ್ದರೆ ಅಲ್ಲಿ ಜಿಪುಣತನ ಮಾಡಬೇಡಿ.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ, ಅನುಭವದ ಮಾತು. ‘ಹೆಚ್ಚು ಆಕ್ಟೇನ್ ಅಂದರೆ ಹೆಚ್ಚು ಪವರ್ ಅಲ್ವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲ. ಪೆಟ್ರೋಲಿನಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದಕ್ಕೂ ಆಕ್ಟೇನ್ ಸಂಖ್ಯೆಗೂ ನೇರ ಸಂಬಂಧವೇ ಇಲ್ಲ. ಸಿಲಿಂಡರಿನೊಳಗೆ ಪೆಟ್ರೋಲ್ ಆವಿಯೂ ಗಾಳಿಯೂ ಸೇರಿ ಒತ್ತಡಕ್ಕೆ ಸಿಕ್ಕಿ ಕಾಯುತ್ತವೆ. ಪ್ಲಗ್ ಕಿಡಿ ಹಾರಿಸಿದ ಜಾಗದಿಂದ ಉರಿ ಹರಡಿಕೊಂಡು ಹೋಗಬೇಕು. ಕೆಲವೊಮ್ಮೆ ಉರಿ ಇನ್ನೂ ತಲುಪದ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡವನ್ನೂ ಬಿಸಿಯನ್ನೂ ತಾಳಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಅದೇ ನಾಕಿಂಗ್. ಏರು ಹಾದಿಯಲ್ಲಿ ಗೇರ್ ಇಳಿಸದೆ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದಾಗ, ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಕುಲುಕಿದ ಹಾಗೆ ಬಾನೆಟ್ ಕೆಳಗಿಂದ ಬರುತ್ತದಲ್ಲ, ಆ ಸದ್ದು. ಹಾಗೆ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಾಳಿಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್. ಅದು ತಾಳಿಕೆಯ ಸಂಖ್ಯೆ, ಬಲದ ಸಂಖ್ಯೆಯಲ್ಲ.

ಈ ಅಳತೆಗೋಲನ್ನು 1926ರಲ್ಲಿ ಮಾಡಿದವರು ಗ್ರಹಾಂ ಎಡ್ಗರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ. ಹೆಪ್ಟೇನ್ ಎಂಬ, ಸುಲಭವಾಗಿ ನಾಕ್ ಆಗುವ ದ್ರವಕ್ಕೆ 0; ಐಸೊಆಕ್ಟೇನ್ ಎಂಬ, ಚೆನ್ನಾಗಿ ತಾಳುವ ದ್ರವಕ್ಕೆ 100. ಹೆಪ್ಟೇನ್ ಆಗ ಸಿಗುತ್ತಿದ್ದದ್ದು ಒಂದು ಜಾತಿಯ ಪೈನ್ ಮರದ ರಾಳದಿಂದ ಎಂದು ಓದಿದಾಗ ನನಗೆ ಮಜಾ ಅನ್ನಿಸಿತ್ತು. 95 ಆಕ್ಟೇನ್ ಪೆಟ್ರೋಲ್ ಅಂದರೆ 95 ಪಾಲು ಐಸೊಆಕ್ಟೇನ್, 5 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣ ಎಷ್ಟು ತಾಳುತ್ತದೋ ಅಷ್ಟು ತಾಳುವ ಪೆಟ್ರೋಲ್. ಅಳೆಯುವುದಕ್ಕೆ ಇವತ್ತಿಗೂ ಒಂದೇ ಸಿಲಿಂಡರಿನ, ಓಡುತ್ತಿರುವಾಗಲೇ ಕಂಪ್ರೆಷನ್ (ಮಿಶ್ರಣವನ್ನು ಒತ್ತುವ ಪ್ರಮಾಣ) ಏರಿಸಿ ಇಳಿಸಬಲ್ಲ ವಿಶೇಷ ಎಂಜಿನ್ ಬಳಸುತ್ತಾರೆ. ನಿಮಿಷಕ್ಕೆ 600 ಸುತ್ತಿನಲ್ಲಿ ಅಳೆದದ್ದು ಆರ್‌ಒಎನ್, 900 ಸುತ್ತಿನಲ್ಲಿ ಇನ್ನೂ ಕಠಿಣವಾಗಿ ಅಳೆದದ್ದು ಎಂಒಎನ್. ಅಮೆರಿಕದ ಬಂಕುಗಳಲ್ಲಿ ಇವೆರಡರ ಸರಾಸರಿ ಹಾಕುತ್ತಾರೆ. ಅಲ್ಲಿನ ವಿಡಿಯೊ ನೋಡಿ ‘ಅವರು ಬರೀ 87 ಹಾಕ್ತಾರೆ’ ಅನ್ನುವವರು ಗಮನಿಸಬೇಕು: ಅವರ 87 ಬೇರೆ ಕಡೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ 91, 92 ಆರ್‌ಒಎನ್‌ಗೆ ಸಮ.

ಶಕ್ತಿಗೂ ಆಕ್ಟೇನ್‌ಗೂ ಸಂಬಂಧವಿಲ್ಲ ಎಂಬುದಕ್ಕೆ ಪ್ರಯೋಗಾಲಯ ಬೇಕಿಲ್ಲ, ಸಿಎನ್‌ಜಿ ಹಾಕಿಸಿದ ಟ್ಯಾಕ್ಸಿ ಓಡಿಸುವವರನ್ನು ಕೇಳಿ. ಆ ಗ್ಯಾಸಿನಲ್ಲಿ ಬಹುಪಾಲು ಇರುವ ಮೀಥೇನ್‌ನ ಆಕ್ಟೇನ್ 120ರ ಆಸುಪಾಸು. ಬಂಕಿನ ಯಾವ ಪ್ರೀಮಿಯಂ ಪೆಟ್ರೋಲೂ ಹತ್ತಿರ ಸುಳಿಯುವುದಿಲ್ಲ. ಆದರೆ ಅದೇ ಕಾರು ಪೆಟ್ರೋಲಿಗೆ ಬದಲಾಯಿಸಿದ ಕೂಡಲೇ ‘ಎಳೆತ ಬಂತು’ ಅನ್ನುತ್ತಾರೆ ಡ್ರೈವರುಗಳು. ಎಥನಾಲ್ ತೆಗೆದುಕೊಳ್ಳಿ: ಆಕ್ಟೇನ್ 108ರ ಮೇಲೆ, ಲೀಟರಿನಲ್ಲಿರುವ ಶಕ್ತಿ ಮಾತ್ರ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಅತ್ತ ಡೀಸೆಲ್‌ಗೆ ಆಕ್ಟೇನ್ ಲೆಕ್ಕ ಹಾಕಿದರೆ ನಾಚಿಕೆಪಡುವಷ್ಟು ಕಡಿಮೆ. ಲೀಟರಿಗೆ ಶಕ್ತಿ ಮಾತ್ರ ಪೆಟ್ರೋಲಿಗಿಂತ ಹೆಚ್ಚು.

ಹಾಗಾದರೆ ಆಕ್ಟೇನ್ ಯಾಕೆ ಬೇಕು? ಎಂಜಿನ್ ವಿನ್ಯಾಸ ಮಾಡುವವನಿಗೆ ಬೇಕು. ಮಿಶ್ರಣವನ್ನು ಜಾಸ್ತಿ ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಹಿಂಡಬಹುದು. ಒತ್ತುವುದು ಹೆಚ್ಚಾದರೆ ನಾಕಿಂಗ್ ಭಯ. ತಾಳುವ ಪೆಟ್ರೋಲ್ ಸಿಗುತ್ತದೆ ಎಂಬ ಖಾತರಿ ಇದ್ದರೆ ಅವನು ಕಂಪ್ರೆಷನ್ ಏರಿಸುತ್ತಾನೆ, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಒತ್ತಡ ಏರಿಸುತ್ತಾನೆ. ಮಜ್ದಾ ಕಂಪನಿಯ ಸ್ಕೈಆಕ್ಟಿವ್ ಪೆಟ್ರೋಲ್ ಎಂಜಿನ್ ಇದಕ್ಕೆ ಒಳ್ಳೆ ಸಾಕ್ಷಿ: ಯುರೋಪಿನ 95 ಆರ್‌ಒಎನ್ ಪೆಟ್ರೋಲಿಗೆಂದು ಮಾಡಿದಾಗ ಕಂಪ್ರೆಷನ್ 14:1 (ಅಂದರೆ ಮಿಶ್ರಣವನ್ನು ಹದಿನಾಲ್ಕರಲ್ಲಿ ಒಂದು ಪಾಲು ಜಾಗಕ್ಕೆ ಒತ್ತುವುದು), ಅಮೆರಿಕದ ಮಾಮೂಲಿ ಪೆಟ್ರೋಲಿಗೆಂದು ಮಾಡಿದಾಗ 13:1. ಅಂದರೆ ಪ್ರೀಮಿಯಂ ಪೆಟ್ರೋಲಿನ ಲಾಭ ಪಡೆಯಬೇಕೋ ಬೇಡವೋ ಎಂಬ ತೀರ್ಮಾನ ಕಾರ್ಖಾನೆಯಲ್ಲೇ ಆಗಿರುತ್ತದೆ, ಪಿಸ್ಟನ್ ಎರಕ ಹೊಯ್ಯುವ ಹೊತ್ತಿಗೆ. ಬಂಕಿನಲ್ಲಿ ನಾವು ಯಾವ ನಳಿಕೆ ಹಿಡಿಸಿದರೂ 13:1 ಹೋಗಿ 14:1 ಆಗುವುದಿಲ್ಲ. ಕಂಪ್ರೆಷನ್ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ಟೊಯೋಟಾದ ಹಳೆಯ ಪ್ರಿಯಸ್ ಹೈಬ್ರಿಡ್‌ನಲ್ಲಿ 13:1 ಇದ್ದರೂ ಅದು ಮಾಮೂಲಿ ಪೆಟ್ರೋಲಿನಲ್ಲೇ ಆರಾಮಾಗಿ ಓಡುತ್ತದೆ, ಯಾಕೆಂದರೆ ಗಾಳಿಯನ್ನು ಒಳಬಿಡುವ ಅದರ ಒಳವಾಲ್ವ್ ತಡವಾಗಿ ಮುಚ್ಚಿಕೊಂಡು ನಿಜವಾದ ಒತ್ತಡವನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಇಂಟರ್ನೆಟ್ಟಿನಲ್ಲಿ ಸಿಗುವ ಸೂತ್ರಗಳನ್ನು ಬಿಟ್ಟು ಸ್ಟಿಕ್ಕರ್ ನೋಡಿ ಎಂದು ನಾನು ಹಟ ಹಿಡಿಯುವುದು.

‘ಮೇಲಿನ ದರ್ಜೆಯ ಪೆಟ್ರೋಲೇ ಒಳ್ಳೆಯದು’ ಅನ್ನುವ ಹಿರಿಯರ ಮಾತನ್ನು ನಾನು ತಳ್ಳಿಹಾಕುತ್ತಿಲ್ಲ. ಅವರ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಕಾರ್ಬ್ಯುರೇಟರ್ ಗಾಡಿಗಳಲ್ಲಿ ಕಿಡಿ ಯಾವಾಗ ಹಾರಬೇಕು ಎಂಬುದನ್ನು ನಾವೇ ಕೂರಿಸುತ್ತಿದ್ದೆವು. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬುಡದ ಬೋಲ್ಟ್ ಸಡಿಲ ಮಾಡಿ, ಇಡೀ ತಲೆಯನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಬಿಗಿ ಮಾಡುವುದು. ಒಮ್ಮೆ ಬಿಗಿ ಮಾಡಿದ ಮೇಲೆ ಎಂಜಿನ್ನಿಗೆ ತನ್ನನ್ನು ತಾನು ತಿದ್ದಿಕೊಳ್ಳುವ ದಾರಿ ಇರಲಿಲ್ಲ. ವರ್ಷ ಕಳೆದಂತೆ ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿಕೊಂಡು ಒಳಗಿನ ಜಾಗ ಕಿರಿದಾಗುತ್ತಿತ್ತು, ಒತ್ತಡ ಏರುತ್ತಿತ್ತು, ಗಾಡಿ ಹೊಸದಾಗಿದ್ದಾಗ ಬೇಡದ ಆಕ್ಟೇನ್ ಹಳೆಯದಾದ ಮೇಲೆ ಬೇಕಾಗುತ್ತಿತ್ತು. ಅಂಥ ಗಾಡಿಗೆ ಮೇಲಿನ ದರ್ಜೆಯ ಪೆಟ್ರೋಲ್ ಹಾಕಿಸಿದರೆ ಟಕಟಕ ಸದ್ದು ಅಲ್ಲೇ ಅಡಗುತ್ತಿತ್ತು. ಕಿವಿಯಲ್ಲಿ ಕೇಳಿದ್ದನ್ನು ಯಾರು ಅಲ್ಲಗಳೆಯುತ್ತಾರೆ? ಆ ನಂಬಿಕೆ ಅಪ್ಪನಿಂದ ಮಗನಿಗೆ ಬಂತು. ನಡುವೆ ಎಂಜಿನ್ನೇ ಬೇರೆ ಆಯಿತು.

ಈಗಿನ ಕಾರಿನ ಎಂಜಿನ್ ಬ್ಲಾಕಿಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರ್ ಬೋಲ್ಟ್ ಮಾಡಿರುತ್ತಾರೆ. ಒಳಗೆ ಒಂದು ಹರಳಿನ ಬಿಲ್ಲೆ. ಅದುರಿದರೆ ಅದರಿಂದ ಸಣ್ಣ ವಿದ್ಯುತ್ ಹುಟ್ಟುತ್ತದೆ. ನಾಕಿಂಗ್ ಆದಾಗ ಸಿಲಿಂಡರ್ ಸೆಕೆಂಡಿಗೆ ಆರೇಳು ಸಾವಿರ ಸಲ ಕಂಪಿಸುತ್ತದೆ, ಆ ಕಂಪನವನ್ನೇ ಗುರುತು ಹಿಡಿಯುವುದು ಇದರ ಕೆಲಸ. ಸದ್ದು ನಮ್ಮ ಕಿವಿಗೆ ಬೀಳುವ ಮೊದಲೇ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ ದೂರು ಹೋಗಿರುತ್ತದೆ. ಅದು ಆ ಸಿಲಿಂಡರಿನ ಕಿಡಿಯನ್ನು ಕೆಲವು ಡಿಗ್ರಿ ತಡ ಮಾಡುತ್ತದೆ, ಆಮೇಲೆ ಮೆಲ್ಲಮೆಲ್ಲಗೆ ಮೊದಲಿನ ಜಾಗಕ್ಕೆ ತರುತ್ತದೆ. ಸ್ಕ್ಯಾನರ್ ಹಾಕಿಕೊಂಡು ರಸ್ತೆಗೆ ಇಳಿದರೆ ಕಿಡಿ ಹಿಂದೆ ಸರಿಯುವ ಈ ಆಟವನ್ನು ಪರದೆಯ ಮೇಲೆ ನೋಡಬಹುದು. ಸಾಮಾನ್ಯ ಹ್ಯಾಚ್‌ಬ್ಯಾಕಿನಲ್ಲಿ, ಸ್ಟಿಕ್ಕರ್ ಹೇಳಿದ ಪೆಟ್ರೋಲಿನಲ್ಲಿ, ಊರೊಳಗೆ ಓಡಿಸುವಾಗ ಆ ಅಂಕಿ ಬಹಳ ಹೊತ್ತು ಸೊನ್ನೆಯಲ್ಲೇ ಕೂತಿರುತ್ತದೆ. ಹಿಂದೆ ಸರಿಯುವ ಅಗತ್ಯವೇ ಬೀಳದ ಎಂಜಿನ್ನಿಗೆ ಇನ್ನೂ ಹೆಚ್ಚು ತಾಳುವ ಪೆಟ್ರೋಲ್ ಕೊಟ್ಟು ಏನು ಪ್ರಯೋಜನ? ಅದರ ಪ್ರೋಗ್ರಾಮಿನಲ್ಲಿ ಬರೆದಿರುವ ಗಡಿಯನ್ನು ದಾಟಿ ಕಿಡಿಯನ್ನು ಅದು ಇನ್ನೂ ಮುಂಚೆ ಹಾರಿಸುವುದಿಲ್ಲ.

ಇದು ಬರೀ ಗ್ಯಾರೇಜಿನ ಮಾತಲ್ಲ. ಅಮೆರಿಕದ ವಾಹನ ಸವಾರರ ದೊಡ್ಡ ಸಂಘಟನೆ ಎಎಎ 2016ರಲ್ಲಿ ಮಾಮೂಲಿ ಪೆಟ್ರೋಲಿಗೆಂದೇ ಮಾಡಿದ ನಾಲ್ಕು, ಆರು, ಎಂಟು ಸಿಲಿಂಡರಿನ ಕಾರುಗಳನ್ನು ರೋಲರ್ ಮೇಲೆ ಓಡಿಸಿ ಎರಡೂ ಪೆಟ್ರೋಲ್ ಹಾಕಿ ನೋಡಿತು. ಶಕ್ತಿಯಲ್ಲಾಗಲಿ, ಮೈಲೇಜಿನಲ್ಲಾಗಲಿ, ಹೊಗೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಗತ್ಯವಿಲ್ಲದೆ ಪ್ರೀಮಿಯಂ ಹಾಕಿಸಿಕೊಂಡವರು ಆ ದೇಶದಲ್ಲಿ ವರ್ಷಕ್ಕೆ 1.65 ಕೋಟಿ ಮಂದಿ, ಪೋಲಾದ ಹಣ 210 ಕೋಟಿ ಡಾಲರ್ ಎಂದು ಅವರೇ ಲೆಕ್ಕ ಹಾಕಿದರು. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಕೂಡ ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚಿನ ಆಕ್ಟೇನ್‌ನಿಂದ ಲಾಭವಿಲ್ಲ ಎಂದೇ ಜನರಿಗೆ ಹೇಳುತ್ತ ಬಂದಿದೆ.

ಇನ್ನು ನಡುವಿನ ಜಾತಿಯ ಕಾರುಗಳಿವೆ. ಕೈಪಿಡಿಯಲ್ಲಿ ‘ಕನಿಷ್ಠ 91, ಶಿಫಾರಸು 95’ ಎಂದಿರುತ್ತದೆ. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಇದು ಈಗ ಮಾಮೂಲು. ಇವುಗಳ ವಿಷಯದಲ್ಲಿ ನಾನು ತಕರಾರು ಮಾಡುವುದಿಲ್ಲ, ಯಾಕೆಂದರೆ ಇಲ್ಲಿ ಇಸಿಯುಗೆ ಕಿಡಿಯನ್ನು ಇನ್ನೂ ಮುಂಚೆ ಹಾರಿಸುವ ಅವಕಾಶ ಬಿಟ್ಟಿರುತ್ತಾರೆ. ಅದೇ ಎಎಎ 2017ರಲ್ಲಿ ಇಂಥ ಕಾರುಗಳನ್ನೂ ಪರೀಕ್ಷಿಸಿತು: ಮೈಲೇಜ್ ಸರಾಸರಿ ಶೇ 2.7ರಷ್ಟು, ಶಕ್ತಿ ಶೇ 1.4ರಷ್ಟು ಏರಿತು. ಒಂದು ಕಾರಿನಲ್ಲಿ ಮೈಲೇಜ್ ಶೇ 7ರಷ್ಟು ಹೆಚ್ಚಿತು, ಇನ್ನೊಂದರಲ್ಲಿ ಶೇ 1ರಷ್ಟು ಇಳಿಯಿತು. ಈಗ ನಿಮ್ಮ ಲೆಕ್ಕ ನೀವೇ ಹಾಕಿ. ಪ್ರೀಮಿಯಂಗೆ ಲೀಟರಿಗೆ ಶೇ 10 ಹೆಚ್ಚು ಕೊಡುತ್ತೀರಿ ಅಂದುಕೊಳ್ಳಿ, ಮೈಲೇಜೂ ಶೇ 10 ಏರಿದರೆ ಮಾತ್ರ ಸರಿಸಮ. ಬರೀ ದುಡ್ಡಿನ ಲೆಕ್ಕದಲ್ಲಿ ಅದು ಗಿಟ್ಟುವುದು ಕಷ್ಟ. ಆದರೆ ನಾಲ್ಕು ಜನ ಕೂತು, ಡಿಕ್ಕಿ ತುಂಬಿಕೊಂಡು, ಎ.ಸಿ. ಹಾಕಿಕೊಂಡು, ಸುಡುಬಿಸಿಲಿನಲ್ಲಿ ಉದ್ದದ ಏರು ಹತ್ತುವ ದಿನ ಆ ಎಂಜಿನ್ನಿಗೆ 95 ಕೊಟ್ಟರೆ ಅದು ಖುಷಿಯಾಗಿ ಎಳೆಯುತ್ತದೆ. ದಿನಾ ಆಫೀಸಿಗೆ ಹೋಗಿ ಬರುವುದಕ್ಕೆ ಮಾಮೂಲಿ ಸಾಕು. ಎರಡನ್ನೂ ಬೆರೆಸಿದರೂ ಅಪಾಯವಿಲ್ಲ. ಅರ್ಧ ಟ್ಯಾಂಕ್ 91, ಅರ್ಧ 98 ಆದರೆ ಹತ್ತಿರ ಹತ್ತಿರ 94, 95 ಆಗುತ್ತದೆ.

‘ಕನಿಷ್ಠ 95’ ಅಥವಾ ‘98 ಮಾತ್ರ’ ಎಂದು ಬರೆದಿರುವ ಕಾರಿನ ಮಾಲೀಕರಿಗೆ ಮಾತ್ರ ನಾನು ಗದರಿಸಿ ಹೇಳುತ್ತೇನೆ. ನನ್ನ ಬೆಂಚಿನ ಮೇಲೆ ಒಂದು ಪಿಸ್ಟನ್ ಇದೆ, ಬಂದವರಿಗೆ ತೋರಿಸಲೆಂದೇ ಇಟ್ಟುಕೊಂಡದ್ದು. ಟರ್ಬೊ ಕಾರಿನದು. ಮೇಲಂಚಿನಲ್ಲಿ ಒಂದು ಕಡೆ ಅಲ್ಯೂಮಿನಿಯಂ ಇಲಿ ಕಚ್ಚಿದ ಹಾಗೆ ತರಿತರಿಯಾಗಿದೆ, ಅದರ ಕೆಳಗೆ ಮೊದಲನೇ ಮತ್ತು ಎರಡನೇ ರಿಂಗಿನ ನಡುವಿನ ಅಡ್ಡಪಟ್ಟಿ ಚೂರು ಒಡೆದು ಹೋಗಿದೆ. ಬೆರಳು ಸವರಿದರೆ ಚರ್ಮ ಕಿತ್ತುಬರುವಷ್ಟು ಹರಿತ. ಅದರ ಜೊತೆಗೆ ಬಿಚ್ಚಿದ ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕೆಗಳು ಕೂತಿದ್ದವು. ಅವೆಲ್ಲ ಪಿಸ್ಟನ್ನಿಂದ ಹಾರಿಬಂದ ಲೋಹ. ಒಳ್ಳೆಯ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿರಬೇಕು. ಆ ಕಾರಿನ ಮಾಲೀಕರು ದುಬಾರಿ ಗಾಡಿ ಕೊಂಡು, ಸ್ಟಿಕ್ಕರ್ 95 ಎಂದರೂ ಕಡಿಮೆಯದನ್ನೇ ತುಂಬಿಸಿ, ಹೆದ್ದಾರಿಯಲ್ಲಿ ಪೂರಾ ಒತ್ತಿ ಓಡಿಸುತ್ತಿದ್ದರು. ನಾಕ್ ಸೆನ್ಸರ್ ಇದ್ದರೂ ಎಲ್ಲಕ್ಕೂ ಅದೇ ತಡೆ ಹಾಕಲು ಸಾಧ್ಯವಿಲ್ಲ. ಟರ್ಬೊ ಎಂಜಿನ್ ಕಡಿಮೆ ಸುತ್ತಿನಲ್ಲಿರುವಾಗ ಪೂರಾ ಒತ್ತಿದರೆ ಕಿಡಿಗೂ ಮೊದಲೇ ಹೊತ್ತಿಕೊಳ್ಳುವ ಪ್ರಸಂಗಗಳಿವೆ, ಆಗ ಕಿಡಿಯನ್ನು ತಡ ಮಾಡಿ ಪ್ರಯೋಜನವಿಲ್ಲ. ತಪ್ಪಿ ಕಡಿಮೆ ಆಕ್ಟೇನ್ ಬಿದ್ದರೆ ಗಾಬರಿ ಬೇಡ. ಮೆಲ್ಲಗೆ ಓಡಿಸಿ, ಗೇರ್ ಇಳಿಸಲು ಸೋಮಾರಿತನ ಮಾಡಬೇಡಿ, ಮುಂದಿನ ಬಂಕಿನಲ್ಲಿ ಮೇಲಿನದನ್ನು ಸೇರಿಸಿ.

ಈಗ ‘ಎಂಜಿನ್ ಕ್ಲೀನ್ ಆಗುತ್ತೆ’ ಅನ್ನುವ ಮಾತಿಗೆ ಬರೋಣ. ‘ಎಂಜಿನ್ ಬಾಳಿಕೆ ಬರುತ್ತದೆ’ ಎಂಬ ನಿಮ್ಮ ಉತ್ತರದಲ್ಲಿ ನಿಜವಿದ್ದ ಅರ್ಧ ಇದೇ. ಪೆಟ್ರೋಲಿಗೆ ಡಿಟರ್ಜೆಂಟ್ ಬೆರೆಸುತ್ತಾರೆ, ಅದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಾಯಿಯಲ್ಲೂ ಒಳವಾಲ್ವಿನ ಬೆನ್ನಿನಲ್ಲೂ ಕಟ್ಟುವ ಕಪ್ಪು ಜಿಗುಟನ್ನು ತಡೆಯುತ್ತದೆ. ಇದು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಡಿಟರ್ಜೆಂಟ್ ಬೇರೆ, ಆಕ್ಟೇನ್ ಬೇರೆ. ಮಾರುವವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದರಿಂದ ನಮಗೆ ಗೊಂದಲ. ಅಮೆರಿಕದಲ್ಲಿ 1995ರಿಂದ ಎಲ್ಲ ಪೆಟ್ರೋಲಿಗೂ ಕನಿಷ್ಠ ಡಿಟರ್ಜೆಂಟ್ ಕಡ್ಡಾಯ. ಅದು ಸಾಲದು ಎಂದು ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಸೇರಿಕೊಂಡು 2004ರಲ್ಲಿ ‘ಟಾಪ್ ಟಿಯರ್’ ಎಂಬ ಮಾನದಂಡ ತಂದವು. ಎಎಎ 2016ರಲ್ಲೇ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ ಈ ಮಾನದಂಡಕ್ಕೆ ಸೇರದ ಪೆಟ್ರೋಲ್ ಒಳವಾಲ್ವಿನ ಮೇಲೆ ಸರಾಸರಿ 19 ಪಟ್ಟು ಹೆಚ್ಚು ಕಸ ಬಿಟ್ಟಿತ್ತು. ಇಲ್ಲಿ ಗಮನಿಸಬೇಕಾದ್ದು: ಟಾಪ್ ಟಿಯರ್ ಎಂದು ಹೇಳಿಕೊಳ್ಳಬೇಕಾದರೆ ಬಂಕಿನ ಎಲ್ಲ ದರ್ಜೆಯ ಪೆಟ್ರೋಲೂ, ಅಗ್ಗದ ದರ್ಜೆಯೂ, ಆ ಮಟ್ಟದಲ್ಲಿರಬೇಕು. ಸ್ವಚ್ಛತೆಗೆ ಆಕ್ಟೇನ್‌ನ ಹಂಗಿಲ್ಲ ಎಂಬುದಕ್ಕೆ ಇನ್ನೇನು ಬೇಕು?

ಇನ್ನೊಂದು ತೊಡಕಿದೆ. ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ಒಳವಾಲ್ವನ್ನು ಮುಟ್ಟುವುದೇ ಇಲ್ಲ. ಎಂಥ ಡಿಟರ್ಜೆಂಟ್ ಬೆರೆಸಿದರೂ ವಾಲ್ವಿನ ಬೆನ್ನು ತೊಳೆಯಲಾಗದು, ಇಂಜೆಕ್ಟರ್ ತುದಿಗಷ್ಟೇ ಅದರ ಸೇವೆ. ಅಂಥ ಎಂಜಿನ್ನಿನ ವಾಲ್ವ್‌ಗಳನ್ನು ಬಿಚ್ಚಿ ಕೆರೆದು, ಅಡಿಕೆ ಹೋಳಿನಷ್ಟು ದಪ್ಪದ ಕಾರ್ಬನ್ ತೆಗೆದಿದ್ದೇನೆ. ಆ ಮಾಲೀಕರು ಪ್ರೀಮಿಯಂ ಬಿಟ್ಟು ಬೇರೆ ಮುಟ್ಟದವರು.

ಮೈಲೇಜ್ ಹೆಚ್ಚಾಯಿತು ಎಂದು ಆಣೆ ಮಾಡಿ ಹೇಳುವವರು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತು. ಆದರೆ ಟ್ಯಾಂಕ್ ಫುಲ್ ಮಾಡಿಸಿ ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕುವಾಗ ಒಂದು ಬಂಕಿನ ನಳಿಕೆ ಬೇಗ ಕಟ್ ಆಗುತ್ತದೆ, ಇನ್ನೊಂದರದು ತಡವಾಗಿ. ಗಾಡಿ ನಿಂತ ಜಾಗ ಸ್ವಲ್ಪ ವಾರೆಯಾಗಿದ್ದರೂ ಸಾಕು, ಒಂದೆರಡು ಲೀಟರ್ ಆಚೀಚೆ. ಶೇ 2, 3ರ ವ್ಯತ್ಯಾಸ ಅದರಲ್ಲೇ ಮುಳುಗಿಹೋಗುತ್ತದೆ. ದುಬಾರಿ ಪೆಟ್ರೋಲ್ ಹಾಕಿಸಿದವರ ಬಲಗಾಲು ಆ ವಾರ ತಾನಾಗಿಯೇ ಹಗುರಾಗುತ್ತದೆ ಎಂಬುದು ನನ್ನ ಗುಮಾನಿ. ಮೇಲಾಗಿ ಸರ್ವೀಸ್ ಮಾಡಿಸಿ ಹೊರಬಿದ್ದ ದಿನವೇ ‘ಇನ್ನು ಮೇಲೆ ಒಳ್ಳೆಯದನ್ನೇ ಹಾಕೋಣ’ ಎಂದು ಪ್ರೀಮಿಯಂ ಶುರು ಮಾಡುತ್ತಾರೆ. ಹೊಸ ಪ್ಲಗ್, ಹೊಸ ಫಿಲ್ಟರ್, ಹೊಸ ಆಯಿಲ್ ಮಾಡಿದ ಕೆಲಸದ ಹೆಸರು ಪೆಟ್ರೋಲಿಗೆ ಹೋಗುತ್ತದೆ.

ಒಬ್ಬರು ಸಣ್ಣ ಕಾರು ತಂದರು. ಪಿಕಪ್ ಇಲ್ಲ, ತಿಂಗಳುಗಟ್ಟಲೆಯಿಂದ ಪ್ರೀಮಿಯಂ ಹಾಕಿಸುತ್ತಿದ್ದರೂ ಸುಧಾರಿಸುತ್ತಿಲ್ಲ, ಇನ್ನೂ ಮೇಲಿನದು ಎಲ್ಲಿ ಸಿಗುತ್ತದೆ ಹೇಳಿ ಎಂದರು. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಎಬ್ಬಿಸಿ ಮುಚ್ಚಳ ತೆಗೆದರೆ ಒಣಗಿದ ಎಲೆ, ಹರಿದ ಬಟ್ಟೆಚೂರು, ಬಾನೆಟ್ ಒಳಹೊದಿಕೆಯಿಂದ ಕಿತ್ತ ಹತ್ತಿ, ಎಲ್ಲ ಸೇರಿ ಅಚ್ಚುಕಟ್ಟಾದ ಇಲಿಗೂಡು. ಫಿಲ್ಟರಿನ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಟೈರಿಗೆ ಗಾಳಿ ನೋಡಿದರೆ ನಾಲ್ಕರಲ್ಲಿ ಮೂರು ಮೆತ್ತಗೆ. ಫಿಲ್ಟರ್ ಬದಲಿಸಿ, ಗಾಳಿ ತುಂಬಿಸಿ, ಮಾಮೂಲಿ ಪೆಟ್ರೋಲ್ ಹಾಕಿಸಿಕೊಂಡು ಹೋಗಿ ಎಂದೆ. ಅವರು ಆ ತಿಂಗಳುಗಳಲ್ಲಿ ಹೆಚ್ಚುವರಿಯಾಗಿ ಕೊಟ್ಟ ಹಣದಲ್ಲಿ ಫಿಲ್ಟರ್, ನಾಲ್ಕು ಪ್ಲಗ್, ವೀಲ್ ಅಲೈನ್‌ಮೆಂಟ್ ಎಲ್ಲ ಮುಗಿಸಿ ಮಿಕ್ಕುತ್ತಿತ್ತು.

ಡೀಸೆಲ್ ಕಾರಿನವರು ಕೇಳುತ್ತಾರೆ, ಅವರಿಗೂ ಒಂದು ಮಾತು. ಅಲ್ಲಿ ಲೆಕ್ಕ ತಲೆಕೆಳಗು: ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದೇ ಗುಣ, ಅದರ ಹೆಸರು ಸೀಟೇನ್. ಅದು ಹೆಚ್ಚಿದ್ದರೆ ಚಳಿಗೆ ಸ್ಟಾರ್ಟ್ ಮಾಡುವಾಗ ಸದ್ದು ಸ್ವಲ್ಪ ಮೆದುವಾಗಬಹುದು. ಉಳಿದಂತೆ ಕೈಪಿಡಿಯೇ ದಾರಿ. ನೀರು ಬೇರ್ಪಡಿಸುವ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಡೀಸೆಲ್ ಎಂಜಿನ್ ದುಬಾರಿ ಡೀಸೆಲ್ ಹಾಕಿಸಿದ್ದಕ್ಕಿಂತ ಹೆಚ್ಚು ಋಣಿಯಾಗಿರುತ್ತದೆ.

ಹಳೆಯ ಒಂದು ಸಂಗತಿ ನೆನಪಿಸಬೇಕು. ನಾಕಿಂಗ್ ತಡೆಯಲು ಸೀಸ ಬೆರೆಸಿದ ‘ವಿಶೇಷ’ ಪೆಟ್ರೋಲ್ ಮೊದಲು ಬಂಕಿಗೆ ಬಂದದ್ದು 1923ರ ಫೆಬ್ರುವರಿಯಲ್ಲಿ, ಅಮೆರಿಕದ ಡೇಟನ್‌ನಲ್ಲಿ. ಜನರಲ್ ಮೋಟಾರ್ಸ್‌ನ ಥಾಮಸ್ ಮಿಡ್ಜ್‌ಲಿ 1921ರಲ್ಲಿ ಕಂಡುಕೊಂಡ ಸೀಸದ ಸಂಯುಕ್ತ ಅದರಲ್ಲಿತ್ತು. ಮಾರಿದ್ದು ‘ಈಥೈಲ್’ ಎಂಬ ಹೆಸರಿನಲ್ಲಿ. ಸೀಸ ಅನ್ನುವ ಮಾತು ಹೆಸರಿನಲ್ಲಿ ಎಲ್ಲೂ ಕಾಣಿಸಲಿಲ್ಲ. ಜನ ಹೆಚ್ಚು ಕೊಟ್ಟು ಕೊಂಡರು. ಆ ವಿಷ ಜಗತ್ತಿನ ಕೊನೆಯ ಬಂಕಿನಿಂದ, ಅಲ್ಜೀರಿಯಾದಿಂದ, ಹೊರಹೋಗಲು 2021ರ ಜುಲೈವರೆಗೆ ಕಾಯಬೇಕಾಯಿತು. ಇಂದಿನ ಪ್ರೀಮಿಯಂ ಪೆಟ್ರೋಲಿನಲ್ಲಿ ಅಂಥ ವಿಷವಿದೆ ಎಂದು ನಾನು ಖಂಡಿತ ಹೇಳುತ್ತಿಲ್ಲ. ಪಂಪಿನ ಮೇಲೆ ಹೆಸರು ಮಿಂಚುತ್ತದೆ, ಒಳಗೇನಿದೆ ಎಂಬುದು ಕಾಣುವುದಿಲ್ಲ ಎಂಬ ಅಭ್ಯಾಸ ಎಷ್ಟು ಹಳೆಯದು ಎಂದು ಹೇಳಿದೆ ಅಷ್ಟೇ.

ನನ್ನ ದೂರು ಇರುವುದೂ ಅಲ್ಲೇ. ಪ್ರೀಮಿಯಂ ಪಂಪಿನ ಮೇಲೆ ಬಾಣ, ಬೆಂಕಿ, ಓಡುವ ಚಿರತೆ ಎಲ್ಲ ಇರುತ್ತವೆ. ಆರ್‌ಒಎನ್ ಎಷ್ಟು ಎಂದು ಹುಡುಕಿದರೆ ಎಷ್ಟೋ ಕಡೆ ಕನ್ನಡಕ ಬೇಕು. ಹೆಸರಿನಲ್ಲಿ ಸಂಖ್ಯೆಯೇ ಇಲ್ಲದ ಕೆಲವು ‘ವಿಶೇಷ’ ಪೆಟ್ರೋಲುಗಳಲ್ಲಿ ಆಕ್ಟೇನ್ ಮಾಮೂಲಿಯಷ್ಟೇ ಇದ್ದು ಡಿಟರ್ಜೆಂಟ್ ಮಾತ್ರ ಹೆಚ್ಚಿರಬಹುದು. 95 ಬೇಕಾದ ಕಾರಿನವನು ಅದನ್ನು ಹಾಕಿಸಿಕೊಂಡು ನಿಶ್ಚಿಂತೆಯಿಂದ ಹೋದರೆ ಅವನಿಗೆ ಎರಡು ಕಡೆ ನಷ್ಟ. ಕಾರು ನಿಲ್ಲಿಸುವ ಮೊದಲೇ ಪ್ರೀಮಿಯಂ ನಳಿಕೆ ಕೈಯಲ್ಲಿ ಹಿಡಿದು ‘ಸರ್, ಫುಲ್ಲಾ?’ ಎನ್ನುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ದಿನಕ್ಕಿಷ್ಟು ಮಾರಬೇಕೆಂದು ಮೇಲಿನವರು ಒತ್ತಿದರೆ ಅವನೇನು ಮಾಡಿಯಾನು? ‘ಯಾವುದು ಹಾಕಲಿ?’ ಎಂದು ಮೊದಲು ಕೇಳಬೇಕೆಂಬ ನಿಯಮ ಅವನ ಮೇಲಿನವರಿಗೆ ಬೇಕು.

ಇದೇನೂ ಆಗದ ಕೆಲಸವಲ್ಲ. ಅಮೆರಿಕದಲ್ಲಿ ಹಳದಿ ಚೌಕದಲ್ಲಿ ಕಪ್ಪು ಅಂಕಿಯಲ್ಲಿ ಆಕ್ಟೇನ್ ಸಂಖ್ಯೆಯನ್ನು ಪ್ರತಿ ಪಂಪಿನ ಮೇಲೂ ಹಾಕಲೇಬೇಕು. ಯುರೋಪಿನಲ್ಲಿ 2018ರ ಅಕ್ಟೋಬರ್‌ನಿಂದ ಪಂಪಿನ ನಳಿಕೆಯ ಮೇಲೂ ಹೊಸ ಕಾರಿನ ಟ್ಯಾಂಕ್ ಮುಚ್ಚಳದ ಬಳಿಯೂ ಒಂದೇ ಗುರುತು: ಪೆಟ್ರೋಲಿಗೆ ದುಂಡು, ಡೀಸೆಲಿಗೆ ಚೌಕ, ಗ್ಯಾಸಿಗೆ ವಜ್ರಾಕಾರ, ಪೆಟ್ರೋಲಿನ ದುಂಡಿನೊಳಗೆ ಎಥನಾಲ್ ಪ್ರಮಾಣ ಸೂಚಿಸುವ ಇ5, ಇ10. ಓದಲು ಬಾರದವರೂ ಗುರುತಿಗೆ ಗುರುತು ಹೊಂದಿಸಿಕೊಳ್ಳಬಹುದು. ಹೆಸರು ಎಷ್ಟು ದೊಡ್ಡದಾಗಿದೆಯೋ ಆರ್‌ಒಎನ್ ಅಂಕಿಯೂ ಅಷ್ಟೇ ದೊಡ್ಡದಾಗಿ ಪಂಪಿನ ಮೇಲಿರಬೇಕು, ಪಕ್ಕದಲ್ಲಿ ಡಿಟರ್ಜೆಂಟ್ ಇದೆಯೇ, ಮಾಮೂಲಿಯಲ್ಲೂ ಇದೆಯೇ ಎಂಬ ಒಂದು ಸಾಲು ಇರಬೇಕು ಎಂದು ನಿಮ್ಮ ಪತ್ರಿಕೆ ಕೇಳಲಿ. ನಾನು ಕೇಳಿದರೆ ಮೆಕ್ಯಾನಿಕ್ ಮಾತು ಎಂದು ಬಿಡುತ್ತಾರೆ, ನೀವು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ.

ನಿಮ್ಮಿಂದಲೇ ಆಗುವ ಇನ್ನೊಂದು ಕೆಲಸವಿದೆ. ವಾಹನ ಪುಟದಲ್ಲಿ ಹೊಸ ಕಾರಿನ ವಿಮರ್ಶೆ ಬರುವಾಗಲೆಲ್ಲ ‘ಕನಿಷ್ಠ ಆರ್‌ಒಎನ್ ಇಷ್ಟು, ಶಿಫಾರಸು ಇಷ್ಟು’ ಎಂದು ಒಂದು ಸಾಲು ಸೇರಿಸಿ. ಸೀಟಿನ ಹೊಲಿಗೆ ದಾರದ ಬಣ್ಣಕ್ಕೆ ಒಂದು ಪ್ಯಾರಾ ಸಿಗುವ ಪುಟದಲ್ಲಿ ಇದಕ್ಕೆ ಜಾಗ ಇಲ್ಲದೆ ಹೋಗದು.

ಇಂತಿ,
ನಿಮ್ಮ ಓದುಗ, ಒಬ್ಬ ಕಾರ್ ಮೆಕ್ಯಾನಿಕ್